ಸೌದೆ ಒಟ್ಟಿಲಿನ ಕೆಳಗಿನ ಬಾನಕ್ಕಿ

ವಲ್ಲಿಯಾ ಕ್ರೂಕ್ಲೆ ಬಸ್ಸು ಓಡಿಸಿದ ಅಷ್ಟೂ ವರ್ಷಗಳಲ್ಲಿ ಅವಳ ಬಸ್ಸು ತಡವಾಗಿ ಊರು ಸೇರಿದ್ದು ಒಂದೇ ಒಂದು ಸಲ. ಚಳಿಗೆ ಡೀಸೆಲ್ ಗಂಜಿಯಂತೆ ಗಟ್ಟಿಯಾದ ದಿನವೂ ಲಾಟ್ವಿಯಾದ ವಲ್ಮಿಯೆರಾ ಪಟ್ಟಣದಿಂದ ನಮ್ಮ ವೇಯ್ಕಾಲ್ನೆಗೆ ಬರುವ ಬಸ್ಸು ಹೊತ್ತಿಗೆ ಸರಿಯಾಗಿ ಬಂದಿತ್ತು. ಗೌಯಾ ನದಿ ಉಕ್ಕಿ ರಸ್ತೆಯ ಮೇಲೆ ಹರಿದ ದಿನವೂ ಬಂದಿತ್ತು. ತಡವಾದದ್ದು ಬಿಸಿಲು ಹೊಳೆಯುತ್ತಿದ್ದ ಒಂದು ಏಪ್ರಿಲ್ ಬೆಳಿಗ್ಗೆ, ರಸ್ತೆ ಒಣಗಿ ಚೊಕ್ಕಟವಾಗಿದ್ದಾಗ.

ಹಳೆಯ ಬಂಗಲೆಯ ಲಿಂಡನ್ ಮರಗಳ ಸಾಲಿನ ಕೆಳಗೆ ಬಾನಕ್ಕಿ ಹೂ ಅರಳಿತ್ತು. ಹಿಮ ಕರಗಿದ್ದೇ ತಡ, ಮರಗಳಿಗೆ ಚಿಗುರು ಬರುವ ಮೊದಲೇ, ಗೇಣುದ್ದ ಎದ್ದು ನಿಲ್ಲುವ ಗಿಡ ಅದು. ಒಂದೊಂದು ಹೂವಿಗೂ ಮುಂದೆ ಜುಟ್ಟು, ಹಿಂದೆ ಬಾಲ. ಪುಸ್ತಕ ಓದಿದವರು ಕೋರಿಡಾಲಿಸ್ ಅನ್ನುತ್ತಾರೆ. ನಮ್ಮ ಕಡೆ ಅದಕ್ಕೆ ಹಕ್ಕಿಯ ಹೆಸರೇ. ಹೊಲದ ಮೇಲೆ ಬಾನಕ್ಕಿ ಹಾಡಲು ಶುರುಮಾಡುವುದೂ ಇದು ಅರಳುವುದೂ ಒಟ್ಟಿಗೇ. ಕಾಡಿನ ತುಂಬ ನೇರಳೆ ಚೆಲ್ಲಿದ ಹಾಗೆ ಇರುವುದರಿಂದ ಯಾರೂ ತಿರುಗಿ ನೋಡುವುದಿಲ್ಲ. ಆ ದಿನ ವಲ್ಲಿಯಾ ತಿರುಗಿ ನೋಡಿದಳು. ಅಷ್ಟೂ ನೇರಳೆಯ ನಡುವೆ ಒಂದೇ ಒಂದು ಬುಡ ಗುಲಾಬಿ ಬಣ್ಣಕ್ಕಿತ್ತು.

ಅವಳು ಬ್ರೇಕ್ ಒತ್ತಿದ ರಭಸಕ್ಕೆ ಹಿಂದಿನ ಸೀಟಿನ ಮುದುಕಿಯ ತೊಡೆಯ ಮೇಲಿದ್ದ ಕೋಳಿಮರಿ ಪೆಟ್ಟಿಗೆ ಉರುಳಿತು.

"ಏನಾಯ್ತಮ್ಮಾ? ಹೊಟ್ಟೆ ಸರಿಯಿಲ್ವಾ?" ಎಂದಳು ಮುದುಕಿ.

"ಹೊಟ್ಟೆ ಚೆನ್ನಾಗಿದೆ. ಎಲ್ರೂ ಕೂತಿರಿ," ಎಂದು ವಲ್ಲಿಯಾ ಚಕ್ರ ಬಿಚ್ಚುವ ಸಲಾಕೆ ತೆಗೆದುಕೊಂಡು ಇಳಿದಳು. ಬುಡದ ಸುತ್ತ ಅಗೆದು, ಮಣ್ಣಿನ ಹೆಂಟೆಯ ಸಮೇತ ಎತ್ತಿ, ಬುತ್ತಿಯ ಡಬ್ಬಿಯಲ್ಲಿದ್ದ ಬ್ರೆಡ್ಡನ್ನು ಜೇಬಿಗೆ ತುರುಕಿ ಗಿಡವನ್ನು ಡಬ್ಬಿಗೆ ಹಾಕಿಕೊಂಡಳು. ಅಷ್ಟರಲ್ಲಿ ಕೋಳಿಮರಿಗಳು ಬಸ್ಸಿನ ತುಂಬ ಹರಡಿದ್ದವು. ಅವನ್ನೆಲ್ಲ ಹಿಡಿದು ಪೆಟ್ಟಿಗೆಗೆ ತುಂಬುವ ಹೊತ್ತಿಗೆ ಅರ್ಧ ಗಂಟೆ ಕಳೆದುಹೋಯಿತು.

ಡಿಪೋದ ಯಜಮಾನ ಅವಳನ್ನು ಕರೆಸಿದ. "ಟೈರ್ ಪಂಕ್ಚರ್ ಆಗಿತ್ತು ಅಂತ ಒಂದ್ ಮಾತು ಹೇಳಿದ್ರೆ ನಂಗೂ ತಲೆನೋವು ತಪ್ತಿತ್ತು, ನಿಂಗೂ ತಪ್ತಿತ್ತು."

"ಟೈರ್ ಚೆನ್ನಾಗೇ ಇತ್ತಲ್ಲ."

"ಚೆನ್ನಾಗಿತ್ತು ಅಂತ ನಂಗೊತ್ತಿಲ್ವಾ? ನಾನ್ ಹೇಳ್ತಿರೋದು ಏನು?"

ವಲ್ಲಿಯಾಳಿಗೆ ಅವನು ಹೇಳುತ್ತಿರುವುದು ಏನೆಂದು ನಿಜಕ್ಕೂ ಹೊಳೆಯಲಿಲ್ಲ. ಇಲ್ಲದ್ದನ್ನು ಇದೆ ಅನ್ನುವುದು ಅವಳ ಬಾಯಿಗೆ ಬಂದದ್ದೇ ಇಲ್ಲ. ಒಂದು ವಾರ ಬಸ್ಸು ತೊಳೆಯುವ ಕೆಲಸಕ್ಕೆ ಹಾಕಿದರು. ತೊಳೆದಳು.

ಆ ಗುಲಾಬಿ ಬುಡದಿಂದ ಶುರುವಾದದ್ದು ಅವಳ ಹುಚ್ಚು. ಗಂಡ ಹ್ಯಾರಿಯ್ಸ್ ಒಳ್ಳೆಯವನು, ಮಾತು ಕಡಿಮೆ. ಆಲೂಗಡ್ಡೆ ಪಾತಿಯನ್ನು ವರ್ಷ ವರ್ಷವೂ ಹೆಂಡತಿ ಒಂದೊಂದು ಅಡಿ ಹಿಂದಕ್ಕೆ ತಳ್ಳುವುದನ್ನು ನೋಡಿಕೊಂಡೇ ಇದ್ದ. ಕೊನೆಗೊಂದು ವರ್ಷ ಚಳಿಗಾಲದ ನಡುವೆಯೇ ಆಲೂಗಡ್ಡೆ ಖಾಲಿಯಾದಾಗ, "ಈ ಹೂವಿನ ಗಡ್ಡೆ ಬೇಯಿಸಿದ್ರೆ ಹೇಗಿರುತ್ತೆ?" ಎಂದ. "ವಿಷ," ಎಂದಳು ವಲ್ಲಿಯಾ. ಅವನು ಮತ್ತೆ ಆ ಮಾತು ಎತ್ತಲಿಲ್ಲ. ಅವನು ತೀರಿಕೊಂಡ ಮೇಲೆ ಆಲೂಗಡ್ಡೆ ಪಾತಿಯೂ ಪೂರ್ತಿ ಹೋಯಿತು.

ಬಾನಕ್ಕಿ ಸಾಕುವುದು ತಾಳ್ಮೆಯ ಕೆಲಸ. ಮೇ ಮುಗಿಯುವುದರೊಳಗೆ ಎಲೆ ಹಳದಿಯಾಗಿ, ಆಮೇಲೆ ಅಲ್ಲೊಂದು ಗಿಡ ಇತ್ತು ಅನ್ನುವುದಕ್ಕೆ ಗುರುತೇ ಉಳಿಯುವುದಿಲ್ಲ. ಮಣ್ಣೊಳಗೆ ಹೇಝಲ್ ಕಾಯಿಯಷ್ಟು ದಪ್ಪದ ಹಳದಿ ಗಡ್ಡೆ ಮಾತ್ರ ಮಲಗಿರುತ್ತದೆ. ಕಾಯಿ ಹಸಿರಾಗಿರುವಾಗಲೇ ಸಿಡಿದು ಬೀಜ ಉದುರುತ್ತದೆ. ಅದನ್ನು ಅಂದೇ ಬಿತ್ತಬೇಕು. ಒಣಗಿದರೆ ಮುನಿಸಿಕೊಂಡು ವರ್ಷಗಟ್ಟಲೆ ಮೊಳೆಯುವುದಿಲ್ಲ. ಬಿತ್ತಿದ್ದು ಹೂ ಬಿಡಲು ನಾಲ್ಕು ವಸಂತ ಬೇಕು. ತನ್ನ ಹೂವಿನಿಂದ ತಾನೇ ಬೀಜ ಕಟ್ಟುವ ಜಾತಿಯೂ ಅಲ್ಲ. ಸಂಬಂಧಕ್ಕೆ ಹೊರಗಿನ ಗಿಡವೇ ಬೇಕು, ದಲ್ಲಾಳಿಗೆ ದುಂಬಿ ಬೇಕು. ಈ ಲೆಕ್ಕದಲ್ಲಿ ವಲ್ಲಿಯಾ ಗುಲಾಬಿಯಿಂದ ಗಾಢ ಗುಲಾಬಿಗೆ, ಅಲ್ಲಿಂದ ಇಟ್ಟಿಗೆ ಬಣ್ಣಕ್ಕೆ ಬರುವುದರಲ್ಲಿ ಸೋವಿಯತ್ ಕಾಲ ಹೋಗಿ, ಲಾಟ್ವಿಯಾ ಸ್ವತಂತ್ರವಾಗಿ, ಅವಳ ಬಸ್ಸು ಗುಜರಿಗೆ ಹೋಗಿ, ಅವಳಿಗೂ ಪಿಂಚಣಿ ಬಂದಿತ್ತು. ಅವಳಿಗೆ ಬೇಕಾಗಿದ್ದದ್ದು ಕೆಂಪು. ಜೌಗಿನಲ್ಲಿ ಬೆಳೆಯುವ ಕ್ರ್ಯಾನ್‌ಬೆರಿ ಹಣ್ಣಿನಂಥ, ಅನುಮಾನವೇ ಬರಬಾರದ ಕೆಂಪು.

ಅನುಮಾನ ಬರುತ್ತಿದ್ದದ್ದು ಜಿಗ್ರೀದಾಳಿಗೆ. ಜಿಗ್ರೀದಾ ಊರಿನ ಔಷಧಿ ಅಂಗಡಿಯಲ್ಲಿದ್ದು ನಿವೃತ್ತಳಾದವಳು, ಹೂ ಬೆಳೆಯುವವರ ಸಂಘದ ಅಧ್ಯಕ್ಷೆ. ಪ್ರತಿ ವಸಂತದಲ್ಲೂ ಶಾಲೆಯ ಸಭಾಂಗಣದಲ್ಲಿ ನಡೆಯುವ ಪ್ರದರ್ಶನದಲ್ಲಿ ಅವಳು ವಲ್ಲಿಯಾಳ ಕುಂಡದ ಮುಂದೆ ನಿಂತು ಕನ್ನಡಕ ಮೇಲೆತ್ತುತ್ತಿದ್ದಳು.

"ಗುಲಾಬಿ. ಚೆನ್ನಾಗಿದೆ."

"ಕೆಂಪು ಕಣೇ ಅದು."

"ಗುಲಾಬಿ ಚೆನ್ನಾಗೇ ಇರುತ್ತೆ, ವಲ್ಲಿಯಾ. ಬೇಜಾರ್ ಮಾಡ್ಕೋಬೇಡ."

ಇದಕ್ಕಿಂತ ದೊಡ್ಡ ಬೇಜಾರು ಪಕ್ಕದ ಮನೆಯದು. ಬೇಲಿಯ ಆ ಕಡೆ ಇದ್ದವನು ವಿಲ್ನಿಸ್. ಸಾಮೂಹಿಕ ಬೇಸಾಯದ ಕಾಲದಲ್ಲಿ ಕಾಲುವೆ ತೋಡುವ ಯಂತ್ರ ನಡೆಸುತ್ತಿದ್ದವನು. ಅರ್ಧ ಜಿಲ್ಲೆಯ ನೆಲ ತಿರುವಿ ಹಾಕಿದ್ದು ಸಾಕೆಂದು ನಿವೃತ್ತನಾದ ಮೇಲೆ ಸಲಿಕೆ ಮುಟ್ಟಿರಲಿಲ್ಲ. ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು. ಅವನ ಹಿತ್ತಲಿನಲ್ಲಿ ಬೆಳೆದದ್ದೆಲ್ಲ ತಾನಾಗಿ ಬೆಳೆದದ್ದು: ಮೊಣಕಾಲೆತ್ತರದ ಹುಲ್ಲು, ನೇರಳೆ ಬಾನಕ್ಕಿ, ಐದಾರು ಜೇನುಪೆಟ್ಟಿಗೆ, ಮತ್ತು ಸೇಬಿನ ಮರದ ಬುಡದಲ್ಲಿ ಸೊಂಟದೆತ್ತರದ ಒಂದು ಇರುವೆ ಗೂಡು. ಆ ಗೂಡಿನ ಮೇಲೆ ಅವನಿಗೆ ಬಹಳ ಹೆಮ್ಮೆ.

ಬಾನಕ್ಕಿಯ ಪುಟ್ಟ ಕಪ್ಪು ಬೀಜಕ್ಕೆ ಬೆಣ್ಣೆ ಮೆತ್ತಿದಂತೆ ಒಂದು ಬಿಳಿ ಚೂರು ಅಂಟಿಕೊಂಡಿರುತ್ತದೆ. ಇರುವೆಗಳಿಗೆ ಅದು ಹಬ್ಬದೂಟ. ಬೀಜವನ್ನು ಹೊತ್ತುಕೊಂಡು ಹೋಗಿ, ಬೆಣ್ಣೆ ತಿಂದು, ಬೀಜವನ್ನು ಕಂಡ ಕಂಡಲ್ಲಿ ಬಿಸಾಡುತ್ತವೆ. ಹೀಗೆ ವಿಲ್ನಿಸನ ನೇರಳೆ ಬೀಜ ವಲ್ಲಿಯಾಳ ಕೆಂಪು ಪಾತಿಗೆ ಬರುತ್ತಿತ್ತು. ವಲ್ಲಿಯಾಳ ಒಳ್ಳೆಯ ಬೀಜ ಎಲ್ಲಿಗೆ ಹೋಗುತ್ತಿತ್ತೋ ದೇವರಿಗೇ ಗೊತ್ತು. ಅವಳು ಕಾಯಿಗಳಿಗೆ ಹಳೆಯ ನೈಲಾನ್ ಕಾಲುಚೀಲ ಕಟ್ಟಿದಳು. ಬೇಲಿಯುದ್ದಕ್ಕೂ ದಾಲ್ಚಿನ್ನಿ ಪುಡಿ ಸುರಿದಳು. ಇಡೀ ಬೀದಿ ಕ್ರಿಸ್‌ಮಸ್ ಕೇಕಿನ ವಾಸನೆ ಹೊಡೆಯಿತೇ ಹೊರತು ಇರುವೆ ನಿಲ್ಲಲಿಲ್ಲ. ತಗಡಿನ ದೋಣಿಯಲ್ಲಿ ನೀರು ನಿಲ್ಲಿಸಿದಳು. ವಿಲ್ನಿಸನ ಹುಲ್ಲು ಅದರ ಮೇಲೆ ಬಾಗಿ ಇರುವೆಗಳಿಗೆ ಸೇತುವೆಯಾಯಿತು.

"ಆ ಗೂಡನ್ನ ಅಲ್ಲಿಂದ ತೆಗೆಸಿ," ಎಂದಳು ಒಂದು ದಿನ ಬೇಲಿಯ ಮೇಲಿಂದ. ಅವರಿಬ್ಬರ ನಡುವೆ ಮೊದಲಿನಿಂದಲೂ "ನೀವು" ಅನ್ನುವ ಮಾತೇ.

"ಅವು ನಿಮಗಿಂತ ಮೊದ್ಲೇ ಇಲ್ಲಿದ್ವು ರೀ," ಎಂದ ವಿಲ್ನಿಸ್ ಪೈಪಿಗೆ ಹೊಗೆಸೊಪ್ಪು ತುಂಬುತ್ತಾ. "ನೋಟೀಸ್ ಕೊಡೋದಾದ್ರೆ ಅವೇ ನಿಮಗೆ ಕೊಡ್ಬೇಕು."

ಆ ಶರತ್ಕಾಲದ ಸಂಘದ ಸಭೆಗೆ ವಿಲ್ನಿಸ್ ಜೇನು ಮಾರಲು ಬಂದಿದ್ದ. ಮುಂದಿನ ವಸಂತದಲ್ಲಿ ಯಾರ ಯಾರ ತೋಟ ನೋಡಲು ಹೋಗುವುದೆಂದು ಮಾತು ಬಂದು ಯಾರೋ ಅವನ ಹೆಸರೂ ಹೇಳಿದರು. ವಲ್ಲಿಯಾ ಎಲ್ಲರೆದುರು, "ಅವ್ರ ಹಿತ್ಲಲ್ಲಿ ಬಗ್ಗಿ ನೋಡೋವಂಥದ್ದು ಏನಿದೆ? ನಾನಂತೂ ಅಲ್ಲಿಗೆ ಕಾಲಿಡಲ್ಲ," ಎಂದುಬಿಟ್ಟಳು. ವಿಲ್ನಿಸ್ ಜೇನಿನ ಬಾಟಲಿಗಳನ್ನು ಸಾಲಾಗಿ ಜೋಡಿಸಿದ್ದವನು ಮತ್ತೊಮ್ಮೆ ಜೋಡಿಸಿದ.

ಈ ಮಾತು ಆಡಿದ ಬಾಯಿಗೆ ಆರು ತಿಂಗಳಲ್ಲೇ ಬೀಗ ಬಿತ್ತು.

ಏಪ್ರಿಲ್. ರಾತ್ರಿಯ ಇಬ್ಬನಿ ಹೆಪ್ಪುಗಟ್ಟಿ, ಬಾನಕ್ಕಿಗಳೆಲ್ಲ ಬೇಯಿಸಿದ ಪಾಲಕಿನಂತೆ ನೆಲಕ್ಕೊರಗಿದ್ದ ಬೆಳಿಗ್ಗೆ. ಗೊತ್ತಿಲ್ಲದವರು ಸತ್ತವೆಂದು ಅಳುತ್ತಾರೆ. ಬಿಸಿಲೇರಿದರೆ ತಾವಾಗಿ ಎದ್ದು ನಿಲ್ಲುತ್ತವೆ. ಅವು ಏಳುವುದನ್ನು ನೋಡುತ್ತ ವಲ್ಲಿಯಾ ಬೇಲಿಯ ಪಕ್ಕ ಮಂಡಿಯೂರಿದ್ದಳು. ಹಲಗೆಯ ಗಂಟು ಬಿದ್ದುಹೋದ ತೂತಿನಿಂದ ಆ ಕಡೆ ಏನೋ ಕಂಡಿತು. ಕಣ್ಣಿಟ್ಟು ನೋಡಿದಳು. ವಿಲ್ನಿಸನ ಸೌದೆ ಒಟ್ಟಿಲಿನ ಪಕ್ಕ, ಬಿಸಿಲು ಬೀಳುವ ಜಾಗದಲ್ಲಿ, ಆಗತಾನೇ ತಲೆಯೆತ್ತುತ್ತಿದ್ದ ಒಂದು ಬಾನಕ್ಕಿ.

ಕೆಂಪು. ಅದರಲ್ಲಿ ಇಟ್ಟಿಗೆಯೂ ಇರಲಿಲ್ಲ, ಗುಲಾಬಿಯೂ ಇರಲಿಲ್ಲ. ಕ್ರ್ಯಾನ್‌ಬೆರಿ ಕೆಂಪು.

ವಲ್ಲಿಯಾ ಹಲಗೆಗೆ ಹಣೆ ಒತ್ತಿದಳು. ತನ್ನ ಗಿಡದ ಬೀಜವೇ ಅದು, ಇರುವೆ ಹೊತ್ತುಕೊಂಡು ಹೋದದ್ದು, ಸಂಶಯವೇ ಇಲ್ಲ. ಅಷ್ಟರಲ್ಲಿ ವಿಲ್ನಿಸನ ಮುದಿ ಕರಿನಾಯಿ ಕ್ರಾನ್ಸಿಸ್ ನಿಧಾನವಾಗಿ ಬಂದು, ಮೂರು ಸುತ್ತು ಸುತ್ತಿ, ಆ ಹೂವಿನ ಮೇಲೆ ಮಲಗಿತು.

ಕದಿಯುವುದು ಅವಳಿಂದಾಗದ ಕೆಲಸ. ಕೇಳುವುದು ಅದಕ್ಕಿಂತ ಆಗದ ಕೆಲಸ. ಕಾಲಿಡಲ್ಲ ಎಂದ ಹಿತ್ತಲಿಗೆ ಹೋಗಿ, ಬಗ್ಗಿ, ಇದನ್ನು ಕೊಡಿ ಅನ್ನುವುದೇ? ಎರಡು ದಿನ ಯೋಚಿಸಿದಳು. ಮೂರನೆಯ ದಿನ ಕ್ಯಾಲೆಂಡರ್ ನೋಡಿದರೆ ವಿಲ್ನಿಸ್ ಎಂಬ ಹೆಸರಿನ ದಿನ ಆ ವಾರವೇ ಇತ್ತು. ನಮ್ಮ ಕ್ಯಾಲೆಂಡರಿನಲ್ಲಿ ದಿನಕ್ಕೊಂದೆರಡು ಹೆಸರು ಬರೆದಿರುತ್ತದೆ, ಆ ಹೆಸರಿನವರಿಗೆ ಅಂದು ಹುಟ್ಟುಹಬ್ಬವಿದ್ದಂತೆ. ಹೆಸರಿನ ದಿನಕ್ಕೆ ನಮ್ಮಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಹೊರಗೆ ನಿಲ್ಲಿಸುವುದೂ ಇಲ್ಲ.

ಹೊಗೆಯಾಡಿಸಿದ ಹಂದಿಮಾಂಸ ತುಂಬಿದ ಪುಟ್ಟ ಬನ್ನು, ಪೀರಾಗಿಗಳ ಬುಟ್ಟಿಯೊಂದಿಗೆ ಅವಳು ಬಾಗಿಲಲ್ಲಿ ನಿಂತಾಗ ಒಳಗೆ ಮೇಜಿನ ಸುತ್ತ ಅರ್ಧ ಊರೇ ಕೂತಿತ್ತು, ಜಿಗ್ರೀದಾ ಸಮೇತ.

"ಹೆಸರಿನ ದಿನದ ಶುಭಾಶಯ," ಎಂದು ಡ್ಯಾಫೋಡಿಲ್ ಗೊಂಚಲು ಮುಂದೆ ಹಿಡಿದಳು.

ವಿಲ್ನಿಸ್ ಹೂಗಳನ್ನು ಎಣಿಸಿದ. "ನಾಲ್ಕು ತಂದಿದೀರಿ. ಜೋಡಿ ಲೆಕ್ಕದ ಹೂ ಗೋರಿ ಮೇಲೆ ಇಡೋದಲ್ವಾ? ನಾನಿನ್ನೂ ಇದೀನಿ ರೀ."

ತಲೆಯಲ್ಲಿ ಬೇರೆ ಹೂ ತುಂಬಿಕೊಂಡಿದ್ದವಳಿಗೆ ಲೆಕ್ಕ ಎಲ್ಲಿ ನೆನಪಿರಬೇಕು? ವಲ್ಲಿಯಾ ಒಂದನ್ನು ಕಿತ್ತು ತನ್ನ ಕೋಟಿನ ಗುಂಡಿಗೆ ಸಿಕ್ಕಿಸಿಕೊಂಡು, "ಈಗ ಮೂರು," ಎಂದಳು. ಎಲ್ಲರೂ ನಕ್ಕರು. ಜಿಗ್ರೀದಾ ಮಾತ್ರ ನಗದೆ ಕನ್ನಡಕ ಮೇಲೆತ್ತಿದಳು.

ಎರಡು ಲೋಟ ಕಾಫಿಯಾದ ಮೇಲೆ ವಲ್ಲಿಯಾ ಕೇಳಿದಳು: "ನಿಮ್ಮ ಸೌದೆ ಒಟ್ಟಿಲು ಒಂದ್ಸಲ ನೋಡ್ಬಹುದಾ?"

ಎಲ್ಲರ ತಲೆ ಅವಳ ಕಡೆ ತಿರುಗಿತು. ನಮ್ಮ ಕಡೆ ಗಂಡಸಿನ ಗುಣವನ್ನು ಅವನ ಸೌದೆ ಒಟ್ಟಿಲಿನಿಂದ ಅಳೆಯುವುದು. ಒಂಟಿ ಹೆಂಗಸು ಒಂಟಿ ಗಂಡಸಿನ ಸೌದೆ ನೋಡಬೇಕು ಅಂದರೆ ಅದಕ್ಕೆ ಇರುವ ಅರ್ಥ ಒಂದೇ. ಇದು ವಲ್ಲಿಯಾಳಿಗೆ ಹೊಳೆದದ್ದು ಹೇಳಿ ಮುಗಿಸಿದ ಮೇಲೆ.

ವಿಲ್ನಿಸನ ಕಿವಿ ಕೆಂಪಾಯಿತು. "ಬನ್ನಿ," ಎಂದ.

ಹಿತ್ತಲಲ್ಲಿ ಅವಳು ಒಟ್ಟಿಲನ್ನು ಹೊಗಳಿದಳು. ಸೌದೆ ನಿಜಕ್ಕೂ ಚೆನ್ನಾಗಿ ಜೋಡಿಸಿತ್ತು, ಸುಳ್ಳು ಹೇಳಬೇಕಾಗಿ ಬರಲಿಲ್ಲ. ನಾಯಿಗೆ ಒಂದು ಪೀರಾಗಿ ಎಸೆದು ಎಬ್ಬಿಸಿದಳು. ವಿಲ್ನಿಸ್ ಬರ್ಚ್ ಸೌದೆಗೂ ಆಲ್ಡರ್ ಸೌದೆಗೂ ಇರುವ ವ್ಯತ್ಯಾಸ ವಿವರಿಸುತ್ತ ಆ ಕಡೆ ತಿರುಗಿದಾಗ, ಜಜ್ಜಿಹೋದರೂ ಜೀವವಿದ್ದ ಆ ಗಿಡದ ಪಕ್ಕ ಮನೆಯಿಂದ ಜೇಬಿನಲ್ಲಿ ತಂದಿದ್ದ ಒಂದು ಟೀ ಚಮಚವನ್ನು ಹಿಡಿಯವರೆಗೆ ನೆಲಕ್ಕೆ ಚುಚ್ಚಿದಳು. ಗಿಡ ಮರೆಯಾದ ಮೇಲೂ ಗುರುತಿರಲಿ ಎಂದು.

ಮೇ ತಿಂಗಳೆಲ್ಲ ಅವಳು ಅಡಿಗೆ ಹೊತ್ತುಕೊಂಡು ಹೋದಳು. ರೂಬಾರ್ಬ್ ಕೇಕು, ಹುಳಿಸೊಪ್ಪಿನ ಸೂಪು, ಮೊಟ್ಟೆ. ಪ್ರತಿ ಸಲವೂ ಹೊರಗೆ ಬೆಂಚಿನ ಮೇಲೇ ಕೂರುತ್ತೇನೆ ಎನ್ನುತ್ತಿದ್ದಳು. ಸಂಘದ ಹೆಂಗಸರು ಅಂಗಡಿಯಲ್ಲಿ ಅವಳಿಗೆ ದಾರಿ ಬಿಟ್ಟುಕೊಡಲು ಶುರುಮಾಡಿದರು.

"ಹೊಸ ಉಡುಪು ಹೊಲಿಸ್ಬೇಕಾಗುತ್ತೇನೋ," ಎಂದಳು ಜಿಗ್ರೀದಾ ಮೊಸರಿನ ಡಬ್ಬಿ ತಿರುಗಿಸಿ ನೋಡುತ್ತಾ.

"ಯಾಕೆ, ಯಾರ್ಗೇನಾಯ್ತು?"

"ಇನ್ನೂ ಏನೂ ಆಗಿಲ್ಲ ಅಂತೀಯಾ?"

ಗಿಡ ಹಳದಿಯಾಗಿ ಮಾಯವಾಯಿತು. ಗಡ್ಡೆ ತೆಗೆಯುವ ಕಾಲ ಬಂತು. ಹೇಗೆ ಬಾಯಿ ಬಿಡುವುದೆಂದು ವಲ್ಲಿಯಾ ಮಾತು ಜೋಡಿಸುತ್ತಿದ್ದಾಗಲೇ ಒಂದು ಬೆಳಿಗ್ಗೆ ವಿಲ್ನಿಸ್ ಬೇಲಿಯ ಬಳಿ ಬಂದ. ಕೈಯಲ್ಲಿ ತಿಕ್ಕಿ ತೊಳೆದು ಬಟ್ಟೆಯಲ್ಲಿ ಸುತ್ತಿದ ಟೀ ಚಮಚ.

"ಕ್ರಾನ್ಸಿಸ್ ಬಾಯಲ್ಲಿ ಕಚ್ಕೊಂಡು ಬಂದ. ನಿಮ್ಮದೇ ಅಲ್ವಾ, ಹಿಡಿ ಮೇಲೆ ಹೂವಿದೆ."

"ಎಲ್ಲಿಂದ ತಂದ?" ಎಂದಳು ವಲ್ಲಿಯಾ ಬಿಳುಚಿಕೊಂಡು.

"ಅವನೆಲ್ಲಿ ಹೇಳ್ತಾನೆ?"

ಅವಳು ಅಂದೇ ಹೋಗಿ ನೋಡಿದಳು. ಚಮಚವಿದ್ದ ಜಾಗ ಹುಡುಕುವುದು ಇರಲಿ, ಜಾಗವೇ ಇರಲಿಲ್ಲ. ಬೆಳಿಗ್ಗೆ ಟ್ರ್ಯಾಕ್ಟರಿನವನೊಬ್ಬ ತಂದು ಸುರಿದಿದ್ದ ಬರ್ಚ್ ಸೌದೆಯನ್ನು ವಿಲ್ನಿಸ್ ಹಳೆಯ ಒಟ್ಟಿಲಿನ ಪಕ್ಕಕ್ಕೇ, ಬಿಸಿಲು ಬೀಳುವ ಕಡೆಗೇ, ಎದೆಯೆತ್ತರಕ್ಕೆ ಒಟ್ಟುತ್ತಿದ್ದ.

"ನಿಮಗೆ ಇಷ್ಟ ಅಂತ," ಎಂದ ಬೆವರು ಒರೆಸಿಕೊಳ್ಳುತ್ತಾ. "ಇನ್ನೊಂದು ಸಾಲು ಹಾಕ್ತಿದೀನಿ."

ಮನೆಗೆ ಬಂದು ಹಾಸಿಗೆಯ ಮೇಲೆ ಕೂತು ವಲ್ಲಿಯಾ ವಿಚಾರ ಮಾಡಿದಳು. ಗಡ್ಡೆ ಸಾಯುವುದಿಲ್ಲ, ಚಳಿಗಾಲ ಕಳೆಯುವವರೆಗೆ ನಿದ್ದೆ ಮಾಡಿಕೊಂಡಿರುತ್ತದೆ. ಆದರೆ ಮಾರ್ಚ್ ಕೊನೆಗೆ ಮೊಳಕೆ ಎದ್ದಾಗ ಮೇಲೆ ಸೌದೆ ಇರಬಾರದು. ಅಂದರೆ ಅಷ್ಟೂ ಸೌದೆ ಅಷ್ಟರೊಳಗೆ ಉರಿದುಹೋಗಬೇಕು, ಮೊದಲು ಹಳೆಯದು, ಆಮೇಲೆ ಹೊಸದು. ಒಂಟಿ ಮುದುಕನ ಮನೆಗೆ ಅದು ಎರಡು ಚಳಿಗಾಲದ ಸೌದೆ. ಒಂದೇ ಚಳಿಗಾಲದಲ್ಲಿ ಮುಗಿಯಬೇಕಾದರೆ ಮತ್ತೊಬ್ಬರು ಬಂದು ಕೂರಬೇಕು.

ಹೀಗೆ, ಬಿಸಿ ಗಾಳಿಯೇ ಬಾರದ ಬಸ್ಸಿನಲ್ಲಿ ಇಪ್ಪತ್ತಾರು ಚಳಿಗಾಲ ಕಳೆದ ವಲ್ಲಿಯಾ ಆ ಅಕ್ಟೋಬರಿನಿಂದ ಚಳಿ ತಡೆಯದವಳಾದಳು. ಬಂದವಳೇ ಒಲೆಯ ಪಕ್ಕ ಕೂತು, "ಇನ್ನೆರಡು ಕೊರಡು ಹಾಕ್ಬಹುದಲ್ಲ," ಎನ್ನುವಳು. ಹಾಕಬಹುದು ಎಂಬುದು ಸುಳ್ಳಲ್ಲ. ಶನಿವಾರಗಳಂದು ಹಿತ್ತಲಿನ ಹಬೆ ಸ್ನಾನದ ಮನೆ ಕಾಯಿಸಲು ಹೇಳಿದಳು, ಅವನು ಕಾಯಿಸಿದ. ಮೊದಲು ಅವಳು, ಆಮೇಲೆ ಅವನು, ಬಳಿಕ ಅಡಿಗೆಮನೆಯಲ್ಲಿ ಇಬ್ಬರೂ ಕೆಂಪು ಮುಖ ಮಾಡಿಕೊಂಡು ಲಿಂಡನ್ ಹೂವಿನ ಚಹಾ ಕುಡಿಯುವುದು. ಅವನ ಕೋಣೆ ಎಷ್ಟು ಕಾಯುತ್ತಿತ್ತೆಂದರೆ ಜನವರಿಯಲ್ಲೂ ಕಿಟಕಿ ತೆರೆದಿಡಬೇಕಾಗುತ್ತಿತ್ತು. ನಾಯಿ ಹೊರಗೆ ಹೋಗಿ ಹಿಮದ ಮೇಲೆ ಮಲಗುತ್ತಿತ್ತು.

"ನಿಮ್ಮ ಮೈಯಲ್ಲಿ ರಕ್ತ ಕಮ್ಮಿ ಇರ್ಬೇಕು," ಎಂದ ವಿಲ್ನಿಸ್, ಅಂಗಿಯ ತೋಳು ಮಡಚಿ ಬೆವರುತ್ತಾ. "ಬೀಟ್‌ರೂಟ್ ತಿನ್ನಿ."

ಒಂದು ಶನಿವಾರ ಅವನು ಒಟ್ಟಿಲಿನ ಯಾವ ತುದಿಯಿಂದ ಸೌದೆ ತೆಗೆಯಲಿ ಎಂದು ಕೇಳಿದ್ದಕ್ಕೆ ಅವಳು ಯೋಚಿಸದೆ, "ಆ ಬಿಸಿಲಿನ ಕಡೆಯಿಂದ ತಗೋ," ಎಂದಳು. ತಗೋ ಎಂದದ್ದು ಇಬ್ಬರಿಗೂ ಕೇಳಿಸಿತು. ಅವನು ಹೋಗಿ ಸೌದೆ ತಂದು, ಒಲೆಗೆ ಹಾಕಿ, ಬಾಗಿಲು ಮುಚ್ಚಿ, "ಸಕ್ಕರೆ ಹಾಕ್ಕೊಳ್ತೀಯಾ?" ಎಂದ. ಅವಳು ಸಕ್ಕರೆ ಹಾಕಿಕೊಳ್ಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅಲ್ಲಿಂದ ಮುಂದೆ ಇಬ್ಬರೂ "ನೀನು" ಆದರು.

ಫೆಬ್ರವರಿಯಲ್ಲಿ ಅವಳು ಒಮ್ಮೆ ಗಮನಿಸಿದಳು: ಒಟ್ಟಿಲು ಎಷ್ಟು ಇಳಿಯಿತೆಂದು ನೋಡಲು ಮರೆತೇ ಮೂರು ವಾರ ಕಳೆದಿತ್ತು. ಅವನು ಹೇಳುತ್ತಿದ್ದ ಕಾಲುವೆಯ ಕತೆಗಳು, ಕೆಸರಿನಲ್ಲಿ ಯಂತ್ರ ಹೂತುಹೋಗಿ ಅದರ ಮೇಲೇ ಒಂದು ಹಗಲು ಕೂತಿದ್ದದ್ದು, ಅವಳು ಹೇಳುತ್ತಿದ್ದ ಕೋಳಿಮರಿಗಳ ಕತೆ, ಇವೆಲ್ಲ ಎರಡೆರಡು ಸಲ ಆಗಿಹೋಗಿದ್ದವು. ಇದು ಯಾಕೋ ಸರಿಯಿಲ್ಲ ಎಂದುಕೊಂಡು ಅಂದು ನಾಲ್ಕು ಕೊರಡು ಹೆಚ್ಚಿಗೆ ಹಾಕಿಸಿದಳು.

ಮಾರ್ಚ್ ಕೊನೆಯ ಹೊತ್ತಿಗೆ ಒಟ್ಟಿಲು ಮುಗಿದು ತೊಗಟೆಯ ಚೂರುಗಳಷ್ಟೇ ಉಳಿದವು. ಹಿಮ ಕರಗಿತು. ವಲ್ಲಿಯಾ ದಿನಾ ಬೆಳಿಗ್ಗೆ ಹೋಗಿ ಮಂಡಿಯೂರಿ ತೊಗಟೆ ಸರಿಸುತ್ತಿದ್ದಳು. ಒಂದು ಬೆಳಿಗ್ಗೆ ಬಿಳಿಚಿದ ಮೂಗೊಂದು ಮಣ್ಣು ಒಡೆದು ಹೊರಬಂದಿತ್ತು. ವಾರದೊಳಗೆ ಅದರ ತುದಿಯಲ್ಲಿ ಕೆಂಪು ಕಂಡಿತು. ಒಂದಲ್ಲ, ಎರಡು, ಗಡ್ಡೆ ನಿದ್ದೆಯಲ್ಲೇ ಎರಡಾಗಿತ್ತು.

"ಏನ್ ಕಳ್ಕೊಂಡೆ?"

ವಿಲ್ನಿಸ್ ಹಿಂದೆ ನಿಂತಿದ್ದ. ಹೊಸ ಅಂಗಿ ಹಾಕಿಕೊಂಡಿದ್ದ. ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ.

ಟೈರ್ ಪಂಕ್ಚರ್ ಆಗಿದೆ ಅನ್ನಬಹುದಾದ ಇನ್ನೊಂದು ಗಳಿಗೆ ಅದು. ವಲ್ಲಿಯಾ ಎಲ್ಲವನ್ನೂ ಹೇಳಿದಳು. ಬೇಲಿಯ ತೂತು, ಪೀರಾಗಿ, ಚಮಚ, ಚಳಿ.

ಅವನು ಆ ಹೂವನ್ನೇ ನೋಡಿದ. "ಅಂದ್ರೆ, ನಿಂಗೆ ಚಳೀನೇ ಆಗ್ತಿರ್ಲಿಲ್ಲ."

"ಇಲ್ಲ."

"ಕೇಳಿದ್ರೆ ಅವತ್ತೇ ಕೊಡ್ತಿದ್ದೆ."

"ಗೊತ್ತು."

"ತಗೊಂಡ್ಹೋಗು," ಎಂದು ಒಳಗೆ ಹೋದ. ಬಾಗಿಲು ಮೆಲ್ಲಗೆ ಮುಚ್ಚಿತು. ಬಡಿದಿದ್ದರೆ ಅವಳಿಗೆ ಎಷ್ಟೋ ಮೇಲಾಗುತ್ತಿತ್ತು.

ಅಗೆಯುವ ಸಲಿಕೆ ಅವಳ ಕೈಯಲ್ಲೇ ಇತ್ತು. ಅಗೆಯಲಿಲ್ಲ. ಮನೆಗೆ ಹೋಗಿ ಪಾತಿಗಳ ಕಳೆ ತೆಗೆದಳು. ಕಳೆ ಇಲ್ಲದ ಕಡೆಯೂ ತೆಗೆದಳು. ಆ ಶನಿವಾರ ವಿಲ್ನಿಸನ ಸ್ನಾನದ ಮನೆಯಿಂದ ಹೊಗೆ ಬರಲಿಲ್ಲ. ಮರುದಿನವೂ ಅವನು ಹೊರಗೆ ಕಾಣಲಿಲ್ಲ. ವಲ್ಲಿಯಾ ಹಿಟ್ಟು ಕಲಸಲು ಶುರುಮಾಡಿ, ನಿಲ್ಲಿಸಿ, ಕೈ ತೊಳೆದು, ಬರಿಗೈಯಲ್ಲಿ ಹೋಗಿ ಅವನ ಬಾಗಿಲು ತಟ್ಟಿದಳು.

"ಏನು?" ಎಂದ ಅವನು ಬಾಗಿಲು ಅರ್ಧ ತೆರೆದು. ಕಣ್ಣು ಅವಳ ಕೈಯನ್ನು ಹುಡುಕಿತು.

"ಏನೂ ತಂದಿಲ್ಲ. ಸುಮ್ನೆ ಬಂದೆ."

"ಇನ್ನೇನ್ ಬೇಕು ನಿಂಗೆ? ಇರುವೆ ಗೂಡಾ?"

"ಕೂತ್ಕೊಂಡು ಹೋಗ್ತೀನಿ. ಆ ಕಾಲುವೆ ಕತೆ ಹೇಳು. ಯಂತ್ರ ಹೂತುಹೋದದ್ದು."

"ಅದನ್ನ ಎರಡು ಸಲ ಕೇಳಿದೀಯಾ."

"ಆಗ ನಂಗೆ ಸೌದೆ ಕಡೆ ಗಮನ ಇತ್ತು."

ಅವನು ಬಾಗಿಲನ್ನು ಪೂರ್ತಿ ತೆರೆದ. "ಒಳಗೆ ತಣ್ಣಗಿದೆ. ಒಲೆ ಹಚ್ಚೋಕೆ ಒಂದು ಕಡ್ಡಿ ಬಿಟ್ಟಿಲ್ಲ ನೀನು."

"ನಮ್ಮನೇಲಿ ರಾಶಿ ಇದೆ. ಈ ವರ್ಷ ನಂದು ಖರ್ಚೇ ಆಗಿಲ್ಲ."

ಅವನಿಗೆ ನಗು ಬಂತು. ಬಾರದ ಹಾಗೆ ತಡೆದು ನೋಡಿದ, ಆಗಲಿಲ್ಲ. ಕೈಗಾಡಿ ತಳ್ಳಿಕೊಂಡು ಇಬ್ಬರೂ ಬೇಲಿ ಬಳಸಿ ಹೋಗಿ ಸೌದೆ ತಂದರು. ಮೂರನೆಯ ಗಾಡಿಯ ಹೊತ್ತಿಗೆ ಅವನು ಬೇಲಿಯ ನಾಲ್ಕು ಹಲಗೆ ಕಿತ್ತ. "ಸುತ್ತಿ ಬರೋದು ಯಾರು?" ಎಂದ.

ಆ ವರ್ಷದ ಪ್ರದರ್ಶನದಲ್ಲಿ ಎರಡು ಗಿಡಗಳಲ್ಲಿ ಒಂದು ಕುಂಡದಲ್ಲಿ ಕೂತಿತ್ತು. ಜಿಗ್ರೀದಾ ಕನ್ನಡಕ ಮೇಲೆತ್ತಿದಳು, ಕೆಳಗಿಳಿಸಿದಳು, ಕುಂಡವನ್ನು ಕಿಟಕಿಯ ಬೆಳಕಿಗೆ ಒಯ್ದಳು, ವಾಪಸ್ ತಂದಳು.

"ಯಾರದು?" ಎಂದಳು ಕೊನೆಗೆ.

"ತಾಯಿ ನನ್ನ ಗಿಡ," ಎಂದಳು ವಲ್ಲಿಯಾ.

"ಮದುವೆ ಮಾಡ್ಸಿದ್ದು ನನ್ನ ಜೇನು, ಹೊತ್ತು ತಂದದ್ದು ನನ್ನ ಇರುವೆ, ಹುಟ್ಟಿದ್ದು ನನ್ನ ನೆಲ," ಎಂದ ವಿಲ್ನಿಸ್. "ಹೆಸರು ನಾನಿಡ್ತೀನಿ."

ವಲ್ಲಿಯಾ ಇಷ್ಟು ವರ್ಷ ಮನಸ್ಸಿನಲ್ಲಿ ಹತ್ತಾರು ಹೆಸರು ಸಾಕಿಕೊಂಡಿದ್ದಳು. ನಮ್ಮ ಸೀಮೆಯ ಹೆಸರಿನಲ್ಲಿ ವಿದಜೇಮೆಯ ಸೂರ್ಯೋದಯ, ನದಿಯ ಹೆಸರಿನಲ್ಲಿ ಗೌಯಾದ ಕೆಂಡ, ಹೀಗೆ. ಆದರೂ, "ಇಡು," ಎಂದಳು.

"ಕ್ರಾನ್ಸಿಸ್."

"ನಾಯಿ ಹೆಸರಾ?" ಎಂದಳು ಜಿಗ್ರೀದಾ.

"ಮೊದಲು ಕಂಡುಹಿಡಿದೋನು ಅವನೇ. ಒಂದು ತಿಂಗಳು ಕಾವು ಕೊಟ್ಟಿದಾನೆ."

ಜಿಗ್ರೀದಾ ಚೀಟಿಯ ಮೇಲೆ ಬರೆದಳು: ಕ್ರಾನ್ಸಿಸ್. ಬಣ್ಣದ ಕಾಲಂನಲ್ಲಿ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತಿದ್ದು, ಚಿಕ್ಕ ಅಕ್ಷರದಲ್ಲಿ "ಕೆಂಪು" ಎಂದು ಸೇರಿಸಿದಳು.

ಈಗ ಆ ಹೂ ಸ್ವೀಡನ್ನಿನಲ್ಲಿದೆ, ಸ್ಕಾಟ್ಲೆಂಡಿನಲ್ಲಿದೆ, ಫಿನ್ಲೆಂಡಿನಲ್ಲಿ 'ಕ್ರಾನ್ಸಿಸ್' ಇಲ್ಲದ ತೋಟವೇ ಇಲ್ಲವೆಂದು ಅಲ್ಲಿಂದ ಬಂದವಳೊಬ್ಬಳು ಹೇಳಿದಳು. ಅವರಿಬ್ಬರೂ ಮದುವೆಯೇನೂ ಆಗಲಿಲ್ಲ. ಎರಡು ಮನೆ, ಎರಡು ಒಲೆ. ಸಾಮಾನ್ಯವಾಗಿ ಒಂದರಲ್ಲಿ ಮಾತ್ರ ಬೆಂಕಿ.

ಹೋದ ವಸಂತದಲ್ಲಿ ವಲ್ಲಿಯಾಳ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಇಷ್ಟು ವರ್ಷ ಮಂಡಿಯೂರಿದ್ದರ ಫಲ ಎಂದರು ಡಾಕ್ಟರು. ಬಾನಕ್ಕಿ ಅರಳುವ ಹೊತ್ತಿಗೇ ಆಸ್ಪತ್ರೆಯ ಹಾಸಿಗೆ. ದಿನಾ ಮಧ್ಯಾಹ್ನ ವಿಲ್ನಿಸ್ ಪಾತಿಯ ಪಕ್ಕ ನಿಂತು ಫೋನು ಮಾಡುತ್ತಿದ್ದ. ವಾರ್ಡಿನ ಉಳಿದ ಮೂವರು ಹೆಂಗಸರೂ ಕೇಳಲೆಂದು ಅವಳು ಸ್ಪೀಕರ್ ಹಾಕುತ್ತಿದ್ದಳು.

"ಹೇಳು. ಬೇಲಿ ಪಕ್ಕದ ಹೊಸ ಸಸಿ ಅರಳಿದ್ಯಾ?"

"ಅರಳಿದೆ."

"ಬಣ್ಣ?"

"ಬಿಳಿ."

"ಎಂಥ ಬಿಳಿ? ಹಾಲಿನ ಥರವಾ, ಕೆನೆ ಥರವಾ?"

ಆ ಕಡೆಯಿಂದ ಉಸಿರುಬಿಡುವ ಸದ್ದು. "ಗೋಡೆ ಥರ."

"ಯಾವ ಗೋಡೆ ಥರ? ನಿಮ್ಮನೇದಾ, ನಮ್ಮನೇದಾ?"

"ನಿಮ್ಮನೇದು."

"ಹಾಗಾದ್ರೆ ಕೆನೆ," ಎಂದಳು ವಲ್ಲಿಯಾ ಪಕ್ಕದ ಹಾಸಿಗೆಯವಳ ಕಡೆ ತಿರುಗಿ. ಆಕೆ ಮಂಡಿಗೆ ಕಟ್ಟಿದ ಪಟ್ಟಿಯನ್ನೂ ಮರೆತು ಮೊಣಕೈ ಊರಿ ಎದ್ದು ಕೂತಿದ್ದಳು. "ಬಾಲದಲ್ಲೇನಾದ್ರೂ ಬೇರೆ ಬಣ್ಣ ಇದ್ಯಾ, ಕೇಳಿ," ಎಂದಳು ಅವಳು.

"ವಿಲ್ನಿಸ್, ಬಗ್ಗು. ಬಗ್ಗಿ ಸರಿಯಾಗಿ ನೋಡಿ ಹೇಳು."

"ಬಗ್ಗಿದೀನಿ ಕಣೇ," ಎಂದ ವಿಲ್ನಿಸ್. "ಏಳೋದು ಹೇಗೆ ಅಂತ ನೋಡ್ತಿದೀನಿ."